ಬಾಹ್ಯ ಡಿಸ್ಕಿನಲ್ಲಿ ಲೆಕ್ಕಪತ್ರಗಳ ಬ್ಯಾಕಪ್: ವಿಫಲವಾದಾಗ ಹುಡುಕುವುದೆಲ್ಲಿ?

ವರ್ತಕರ ಲೆಕ್ಕಪತ್ರಗಳು ಕೆಂಪು ಹೊದಿಕೆಯ ಕಿರ್ದಿ-ಖಾತಾವಹಿಗಳಿಂದ ಗಣಕಯಂತ್ರಕ್ಕೆ ವರ್ಗವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಇಂದಿಗೂ ಹೊಸ ವಹಿಯನ್ನು ಪೂಜೆಗೆ ಇಡುವ ಪದ್ಧತಿಯನ್ನು ಅನೇಕ ಅಂಗಡಿಗಳು ಉಳಿಸಿಕೊಂಡಿವೆ. ಆದರೆ ಆ ವಹಿಯಲ್ಲಿ ಮೊದಲ ಪುಟದ ‘ಶುಭ-ಲಾಭ’ದ ಹೊರತು ಬೇರೇನನ್ನೂ ಬರೆಯುವುದು ವಿರಳ. ನಿಜವಾದ ಲೆಕ್ಕವಿರುವುದು ಗಣಕಯಂತ್ರದೊಳಗಿನ ಡಿಸ್ಕಿನಲ್ಲಿ. ಅದರ ಪ್ರತಿಯಿರುವುದು ಮೇಜಿನ ಅಂಚಿನಲ್ಲಿ ತೂಗುವ ಒಂದು ತಂತಿಯ ತುದಿಗೆ ಅಂಟಿಕೊಂಡ, ಅಂಗೈ ಅಗಲದ ಕಪ್ಪು ಪೆಟ್ಟಿಗೆಯಲ್ಲಿ. ಖಾತಾವಹಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಈ ಪೆಟ್ಟಿಗೆಗೆ ಹಿಡಿದ ಗೆದ್ದಲು, ತೆರೆದು ನೋಡುವ ದಿನ ಬರುವವರೆಗೂ ಕಾಣುವುದಿಲ್ಲ.

ಬ್ಯಾಕಪ್ ತೆಗೆಯುವುದು ಹೇಗೆಂಬುದನ್ನು ತಿಳಿಸುವ ಲೇಖನಗಳು ಸಾಕಷ್ಟು ಬಂದಿವೆ. ತೆಗೆಯುತ್ತಿದ್ದೇವೆಂದು ನಂಬಿಕೊಂಡಿದ್ದ ಬ್ಯಾಕಪ್ ಏಕೆ ಆಗುತ್ತಿಲ್ಲ, ಅದನ್ನು ಪತ್ತೆಹಚ್ಚುವ ಕ್ರಮ ಯಾವುದು ಎಂಬುದು ಈ ಲೇಖನದ ವಿಷಯ. ನಮ್ಮ ಸದಸ್ಯರಲ್ಲಿ ಬಹುತೇಕರು ವಿಂಡೋಸ್ ವ್ಯವಸ್ಥೆಯನ್ನೂ ಟ್ಯಾಲಿ ತಂತ್ರಾಂಶವನ್ನೂ ಬಳಸುವುದರಿಂದ ಅವುಗಳನ್ನೇ ಆಧಾರವಾಗಿಟ್ಟುಕೊಳ್ಳಲಾಗಿದೆ.

ಕಾನೂನು ಏನನ್ನು ಬಯಸುತ್ತದೆ

ಮೊದಲು ಕಾನೂನಿನ ಮಾತನ್ನು ಸಂಕ್ಷಿಪ್ತವಾಗಿ ಮುಗಿಸೋಣ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಪ್ರಕರಣದಂತೆ, ನೋಂದಾಯಿತ ವರ್ತಕನು ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. 2023-24ನೇ ಸಾಲಿನ ಅಂತಿಮ ದಿನಾಂಕ 31-12-2024 ಆಗಿದ್ದುದರಿಂದ, ಆ ಸಾಲಿನ ಲೆಕ್ಕ 31-12-2030ರವರೆಗೆ ಕೈಗೆ ಸಿಗುವಂತಿರಬೇಕು. ಮೇಲ್ಮನವಿ ಅಥವಾ ಮೊಕದ್ದಮೆ ನಡೆಯುತ್ತಿದ್ದರೆ, ಅದು ಇತ್ಯರ್ಥವಾದ ಮೇಲೆ ಒಂದು ವರ್ಷ ಅಥವಾ ಮೇಲ್ಕಂಡ ಅವಧಿ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಇದೇ ಕಾಯಿದೆಯ ಕೆಳಗಿನ 57ನೇ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಸಮರ್ಪಕ ಬ್ಯಾಕಪ್ ಇರಬೇಕೆಂದೂ, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಮೂಲವು ನಾಶವಾದಲ್ಲಿ ಸಮಂಜಸ ಕಾಲಾವಧಿಯೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕೆಂದೂ ವಿಧಿಸುತ್ತದೆ. ‘ಮರಳಿ ಪಡೆಯುವಂತಿರಬೇಕು’ ಎಂಬ ಮಾತಿಗೆ ಒತ್ತು ಕೊಟ್ಟು ಓದಿಕೊಳ್ಳಬೇಕು. ಪ್ರತಿಯಿದೆ ಎಂದ ಮಾತ್ರಕ್ಕೆ ನಿಯಮ ಪಾಲನೆಯಾದಂತಲ್ಲ.

ಖಾಸಗಿ ನಿಯಮಿತ ಕಂಪನಿಗಳ ವಿಷಯದಲ್ಲಿ ಹೊಣೆ ಇನ್ನೂ ಬಿಗಿಯಾಗಿದೆ. 2013ರ ಕಂಪನಿ ಕಾಯಿದೆಯ 128ನೇ ಪ್ರಕರಣ ಎಂಟು ಆರ್ಥಿಕ ವರ್ಷಗಳ ಲೆಕ್ಕವನ್ನು ಕಾಪಾಡುವಂತೆ ಹೇಳುತ್ತದೆ. ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್ ತಿಂಗಳಿನಲ್ಲಾದ ತಿದ್ದುಪಡಿಯ ನಂತರ, ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಬ್ಯಾಕಪ್ ಇರಿಸತಕ್ಕದ್ದು. ಅದಕ್ಕೆ ಮೊದಲು ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಈ ಅಂಶವನ್ನು ಪ್ರಸ್ತಾಪಿಸುವುದು ಈಗ ಸಾಮಾನ್ಯವಾಗಿದೆ. ಆದುದರಿಂದ ಕಂಪನಿಗಳು ಬಾಹ್ಯ ಡಿಸ್ಕ್ ಒಂದನ್ನೇ ನೆಚ್ಚಿಕೊಂಡು, ನಿಯಮ ಪಾಲಿಸಿದ್ದೇವೆಂದು ಭಾವಿಸಬಾರದೆಂಬುದು ನನ್ನ ಅಭಿಪ್ರಾಯ. ಅವರ ಪಾಲಿಗೆ ಅದು ಎರಡನೆಯ ಆಸರೆಯಾಗಿರಲಿ. ಏಕಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ಕಂಪನಿ ನಿಯಮ ಅನ್ವಯಿಸುವುದಿಲ್ಲ.

ವೈಫಲ್ಯಗಳಲ್ಲಿ ಮೂರು ಬಗೆ

ಬ್ಯಾಕಪ್ ಆಗುತ್ತಿಲ್ಲ ಎಂದು ದೂರುವಾಗ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ. ಕೆಲಸ ಆರಂಭವೇ ಆಗದಿರುವುದು ಒಂದು. ಆರಂಭವಾಗಿ ನಡುವೆ ನಿಲ್ಲುವುದು ಇನ್ನೊಂದು. ಯಶಸ್ವಿಯಾಗಿ ಮುಗಿಯಿತೆಂದು ಪರದೆ ಹೇಳಿದರೂ, ಮರಳಿ ಪಡೆಯಲು ಹೋದಾಗ ಏನೂ ದೊರೆಯದಿರುವುದು ಮೂರನೆಯದು. ಮೊದಲೆರಡರಲ್ಲಿ ದೋಷವು ತಾನಾಗಿಯೇ ಕೂಗಿ ಹೇಳುತ್ತದೆ. ಮೂರನೆಯದು ಮೌನವಾಗಿರುತ್ತದೆ, ಹಾನಿಯಲ್ಲಿ ಅದೇ ದೊಡ್ಡದು.

ಪರಿಶೀಲನೆಗೆ ತೊಡಗುವ ಮುನ್ನ ಒಂದು ಎಚ್ಚರಿಕೆ. ಡಿಸ್ಕನ್ನು ಜೋಡಿಸಿದೊಡನೆ, ಅದನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಪರದೆಯ ಮೇಲೆ ಬರುವುದುಂಟು. ಅವಸರದಲ್ಲಿ ಸಮ್ಮತಿ ಕೊಟ್ಟುಬಿಡುವ ಗುಮಾಸ್ತರು ಅನೇಕರು. ಡಿಸ್ಕಿನಲ್ಲಿರುವ ಹಳೆಯ ಪ್ರತಿ ಬೇರೆಲ್ಲಿಯೂ ಇಲ್ಲವಾದರೆ, ಆ ಸೂಚನೆಗೆ ಸಮ್ಮತಿಸಕೂಡದು. ತಂತಿ ಬದಲಿಸಿ, ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡುವವರೆಗೂ ಆ ಡಿಸ್ಕಿನ ಮೇಲೆ ಏನನ್ನೂ ಬರೆಯದಿರುವುದು ಉಚಿತ.

ಎರಡನೆಯದಾಗಿ, ದೋಷದ ಸಂದೇಶ ಬಂದಾಗ ಅದನ್ನು ಮುಚ್ಚುವ ಮುನ್ನ ಅಕ್ಷರಶಃ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ‘ಏನೋ ಇಂಗ್ಲಿಷಿನಲ್ಲಿ ಬಂತು, ಓಕೆ ಒತ್ತಿದೆ’ ಎಂಬ ಉತ್ತರದಿಂದ ದುರಸ್ತಿಗಾರನಿಗೆ ಯಾವ ನೆರವೂ ಆಗದು. ವಿಂಡೋಸ್ ನೀಡುವ ದೋಷಸಂಕೇತಗಳಲ್ಲಿ ಹಲವು 8007 ಎಂದು ಆರಂಭವಾಗುತ್ತವೆ. ಅರ್ಥವಿರುವುದು ಕೊನೆಯ ನಾಲ್ಕು ಸ್ಥಾನಗಳಲ್ಲಿ. 0070 ಎಂದಿದ್ದರೆ ಡಿಸ್ಕಿನಲ್ಲಿ ಸ್ಥಳ ಮುಗಿದಿದೆ. 0005 ಎಂದಿದ್ದರೆ ಬರೆಯುವ ಅನುಮತಿ ನಿರಾಕರಿಸಲ್ಪಟ್ಟಿದೆ. 0020 ಎಂದರೆ ಸದರಿ ಕಡತವನ್ನು ಇನ್ನೊಂದು ಪ್ರೋಗ್ರಾಂ ತೆರೆದಿಟ್ಟುಕೊಂಡಿದೆ. 0017 ಎಂದರೆ ಓದಿದ ದತ್ತಾಂಶ ತಾಳೆಯಾಗುತ್ತಿಲ್ಲ, 045ಡಿ ಎಂದರೆ ಸಾಧನದೊಡನೆ ಓದು-ಬರಹವೇ ಸಾಧ್ಯವಾಗಲಿಲ್ಲ. 052ಇ ಎಂಬುದು ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆಯೆಂಬುದರ ಸೂಚಕ. ಈ ಆರನ್ನು ಒಂದು ಚೀಟಿಯಲ್ಲಿ ಬರೆದು ಗಣಕಯಂತ್ರದ ಪಕ್ಕದಲ್ಲಿ ಅಂಟಿಸಿದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ತಂತಿ ಮತ್ತು ವಿದ್ಯುತ್

ಡಿಸ್ಕನ್ನು ದೂಷಿಸುವ ಮೊದಲು ತಂತಿಯನ್ನು ಶಂಕಿಸಬೇಕು. ಜೇಬಿನಲ್ಲಿ ಹಿಡಿಯುವ ಎರಡೂವರೆ ಅಂಗುಲದ ಡಿಸ್ಕು ತನಗೆ ಬೇಕಾದ ವಿದ್ಯುತ್ತನ್ನು ಯು.ಎಸ್.ಬಿ. ಕಿಂಡಿಯಿಂದಲೇ ಪಡೆಯುತ್ತದೆ. ಹಳೆಯ ಯು.ಎಸ್.ಬಿ. 2.0 ಕಿಂಡಿ 500 ಮಿಲಿಆಂಪಿಯರ್ ಕೊಡಬಲ್ಲದು. ಸಾಮಾನ್ಯವಾಗಿ ನೀಲಿ ಬಣ್ಣದ ನಾಲಿಗೆಯಿರುವ ಯು.ಎಸ್.ಬಿ. 3.0 ಕಿಂಡಿ 900 ಮಿಲಿಆಂಪಿಯರ್. ಡಿಸ್ಕಿನ ಮೋಟಾರು ತಿರುಗಲು ಆರಂಭಿಸುವ ಕ್ಷಣದಲ್ಲಿ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಕೀಲಿಮಣೆ, ಮೌಸ್, ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಇವೆಲ್ಲವನ್ನೂ ಒಂದೇ ಹಬ್ಬಿಗೆ ಚುಚ್ಚಿ, ಅದೇ ಹಬ್ಬಿಗೆ ಡಿಸ್ಕನ್ನೂ ಚುಚ್ಚಿದರೆ, ಅದು ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮಾಯವಾಗುವುದರಲ್ಲಿ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಮುಂಭಾಗದ ಕಿಂಡಿಗಳಿಗಿಂತ ಹಿಂಭಾಗದ ಕಿಂಡಿಗಳು ಮೇಲು; ಅವು ನೇರವಾಗಿ ಮದರ್‌ಬೋರ್ಡಿನ ಮೇಲೆಯೇ ಇರುತ್ತವೆ. ಉದ್ದನೆಯ ವಿಸ್ತರಣಾ ತಂತಿಗಳನ್ನು ಬಳಸಬಾರದು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಈ ಕಿಂಡಿಗಳ ಲೋಹದ ಎಸಳುಗಳು ಕಿಲುಬುಗಟ್ಟುವುದನ್ನೂ ನೆನಪಿಡಬೇಕು.

ಮೂರೂವರೆ ಅಂಗುಲದ ದೊಡ್ಡ ಡಿಸ್ಕುಗಳಿಗೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ನಮ್ಮ ಊರುಗಳ ಪರಿಸ್ಥಿತಿಯಲ್ಲಿ ಇಲ್ಲಿಯೇ ಒಂದು ವಿಚಿತ್ರ ದೋಷ ಹುಟ್ಟುತ್ತದೆ. ಗಣಕಯಂತ್ರಕ್ಕೆ ಯು.ಪಿ.ಎಸ್. ಇರುತ್ತದೆ, ಡಿಸ್ಕಿನ ಅಡಾಪ್ಟರನ್ನು ಮಾತ್ರ ಗೋಡೆಯ ಸಾಕೆಟ್ಟಿಗೆ ಚುಚ್ಚಿರುತ್ತಾರೆ. ಸಂಜೆ ವಿದ್ಯುತ್ ಹೋದಾಗ ಗಣಕಯಂತ್ರ ನಡೆಯುತ್ತಲೇ ಇರುತ್ತದೆ, ಡಿಸ್ಕು ಬರಹದ ನಡುವೆ ಸತ್ತುಹೋಗುತ್ತದೆ. ಬರೆಯಬೇಕಾದುದು ಬರೆಯಲಾಗಲಿಲ್ಲವೆಂಬ ಸಂದೇಶ ಬಂದು, ಕಡತಗಳ ಪಟ್ಟಿಯೇ ಹಾಳಾಗುವುದುಂಟು. ಅಡಾಪ್ಟರನ್ನೂ ಯು.ಪಿ.ಎಸ್.ಗೆ ಸೇರಿಸುವುದಕ್ಕೆ ಖರ್ಚೇನೂ ಇಲ್ಲ.

ಸ್ಥಳ, ಕಡತದ ಗಾತ್ರ ಮತ್ತು ಅಕ್ಷರ

ಒಂದು ಟೆರಾಬೈಟಿನ ಡಿಸ್ಕು ವಿಂಡೋಸಿನಲ್ಲಿ 931 ಗಿಗಾಬೈಟ್ ಎಂದು ತೋರಿದರೆ ಮಾರಾಟಗಾರ ಮೋಸ ಮಾಡಿದನೆಂದು ತಿಳಿಯಬೇಕಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ. ಸ್ಥಳ ಮುಗಿಯುವುದು ಬೇರೆ ವಿಷಯ. ಬ್ಯಾಕಪ್ ತಂತ್ರಾಂಶಗಳು ಹಳೆಯ ಆವೃತ್ತಿಗಳನ್ನು ಕೂಡಿಡುತ್ತಾ ಹೋಗುತ್ತವೆ. ಅವುಗಳನ್ನು ಎಷ್ಟು ಕಾಲ ಇಡಬೇಕೆಂಬ ಮಿತಿಯನ್ನು ನಾವೇ ಗೊತ್ತುಮಾಡಬೇಕು. ಮಾಲೀಕರ ಮಗನ ಮದುವೆಯ ವಿಡಿಯೋಗಳು ಅದೇ ಡಿಸ್ಕಿನಲ್ಲಿ ಮುನ್ನೂರು ಗಿಗಾಬೈಟ್ ಆಕ್ರಮಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಲೆಕ್ಕಪತ್ರಗಳ ಡಿಸ್ಕು ಲೆಕ್ಕಪತ್ರಗಳಿಗೆ ಮಾತ್ರ ಮೀಸಲಿರಬೇಕು.

ಸ್ಥಳ ಧಾರಾಳವಾಗಿದ್ದರೂ ‘ಕಡತ ತೀರ ದೊಡ್ಡದು’ ಎಂಬ ಸಂದೇಶ ಬಂದು ಪ್ರತಿ ನಿಂತುಹೋಗುವುದುಂಟು. ಡಿಸ್ಕನ್ನು ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಸಿದ್ಧಪಡಿಸಿರುವುದೇ ಇದಕ್ಕೆ ಕಾರಣ. ಆ ವಿಧಾನದಲ್ಲಿ ಒಂದೊಂದು ಕಡತವೂ ನಾಲ್ಕು ಗಿಗಾಬೈಟಿಗಿಂತ ಕಡಿಮೆಯಿರಬೇಕು. ಅನೇಕ ಪೆನ್‌ಡ್ರೈವುಗಳು ಕಾರ್ಖಾನೆಯಿಂದ ಬರುವಾಗಲೇ ಹೀಗಿರುತ್ತವೆ. ಮೊದಲ ವರ್ಷಗಳಲ್ಲಿ ಚಿಕ್ಕದಾಗಿದ್ದ ಬ್ಯಾಕಪ್ ಕಡತ ವಹಿವಾಟು ಬೆಳೆದಂತೆ ಬೆಳೆದು, ಒಂದು ದಿನ ಆ ಮಿತಿಯನ್ನು ದಾಟುತ್ತದೆ. ‘ನಿನ್ನೆಯವರೆಗೆ ಸರಿಯಾಗಿತ್ತು’ ಎಂಬ ಮಾತಿನ ಹಿಂದೆ ಇಂತಹ ಕಾರಣವಿರಬಹುದು. ಡಿಸ್ಕಿನ ಗುಣಲಕ್ಷಣಗಳ ಪುಟದಲ್ಲಿ ಇದನ್ನು ನೋಡಬಹುದು. ಅದರಲ್ಲಿರುವುದನ್ನು ಮೊದಲು ಬೇರೆಡೆ ನಕಲು ಮಾಡಿಕೊಂಡು, ನಂತರ ಎನ್.ಟಿ.ಎಫ್.ಎಸ್. ವಿಧಾನದಲ್ಲಿ ಮರುಸಿದ್ಧಪಡಿಸುವುದೇ ಪರಿಹಾರ.

ಇನ್ನು ಅಕ್ಷರದ ಮಾತು. ವಿಂಡೋಸ್ ಪ್ರತಿಯೊಂದು ಡಿಸ್ಕಿಗೂ ಒಂದು ಇಂಗ್ಲಿಷ್ ಅಕ್ಷರವನ್ನು ಕೊಡುತ್ತದೆ. ನಿನ್ನೆ ‘ಇ’ ಆಗಿದ್ದ ಡಿಸ್ಕು, ಇಂದು ಮೊದಲೇ ಒಂದು ಪೆನ್‌ಡ್ರೈವ್ ಚುಚ್ಚಿದ್ದ ಕಾರಣಕ್ಕೆ ‘ಎಫ್’ ಆಗುತ್ತದೆ. ರಾತ್ರಿಯ ಬ್ಯಾಕಪ್ ‘ಇ’ಯನ್ನು ಹುಡುಕಿ, ಕಾಣದೆ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಆ ಪೆನ್‌ಡ್ರೈವನ್ನೇ ‘ಇ’ ಎಂದು ತಿಳಿದು, ಅಂಗಡಿಯ ಲೆಕ್ಕವನ್ನೆಲ್ಲಾ ಯಾರದೋ ಪೆನ್‌ಡ್ರೈವಿಗೆ ಬರೆದುಬಿಡುವುದು. ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಪುಟದಲ್ಲಿ ಡಿಸ್ಕಿಗೆ ವರ್ಣಮಾಲೆಯ ಕೊನೆಯ ಭಾಗದ ಒಂದು ಅಕ್ಷರವನ್ನು, ಉದಾಹರಣೆಗೆ ‘ಟಿ’ಯನ್ನು, ಖಾಯಂ ಆಗಿ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ತೆರೆದಿರುವ ಲೆಕ್ಕ, ಬಾರದ ಗಳಿಗೆ

ಅಂಗಡಿಯಲ್ಲಿ ನಾಲ್ಕು ಗಣಕಯಂತ್ರಗಳಿದ್ದು, ಒಂದರಲ್ಲಿ ದತ್ತಾಂಶವಿದ್ದು, ಉಳಿದ ಮೂರರಲ್ಲಿ ಬಿಲ್ ಬರೆಯುತ್ತಿರುವಾಗ ಫೋಲ್ಡರನ್ನು ನೇರವಾಗಿ ನಕಲು ಮಾಡಿದರೆ, ಕೆಲವು ಕಡತಗಳು ನಕಲಾಗದೆ ಉಳಿಯಬಹುದು. ನಕಲಾದವುಗಳಲ್ಲಿಯೂ ಒಂದು ಈ ಕ್ಷಣದ್ದು, ಇನ್ನೊಂದು ಐದು ನಿಮಿಷದ ನಂತರದ್ದಾಗಿರಬಹುದು. ನಗದು ಕಿರ್ದಿಯನ್ನು ಬೆಳಿಗ್ಗೆಯೂ ಖಾತೆಯನ್ನು ಸಂಜೆಯೂ ನಕಲು ಮಾಡಿ ಎರಡನ್ನೂ ಸೇರಿಸಿ ಹೊಲಿದಂತೆ ಇದು. ಎಲ್ಲಾ ಗಣಕಯಂತ್ರಗಳಲ್ಲಿಯೂ ಲೆಕ್ಕವನ್ನು ಮುಚ್ಚಿದ ಮೇಲೆಯೇ ಪ್ರತಿ ತೆಗೆಯತಕ್ಕದ್ದು. ಟ್ಯಾಲಿಯೊಳಗಿನ ಬ್ಯಾಕಪ್ ಸೌಲಭ್ಯವನ್ನೇ ಬಳಸುವುದು ಇನ್ನೂ ಉತ್ತಮ: ಟ್ಯಾಲಿ ಪ್ರೈಮ್ ಆವೃತ್ತಿಯಲ್ಲಿ ಆಲ್ಟ್ ಮತ್ತು ವೈ ಕೀಲಿಗಳನ್ನು, ಹಳೆಯ ಇ.ಆರ್.ಪಿ. 9ರಲ್ಲಿ ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒತ್ತಿದರೆ ಅದು ದೊರೆಯುತ್ತದೆ. ಪ್ರತಿದಿನವೂ ಒಂದೇ ಫೋಲ್ಡರಿನ ಮೇಲೆ ಬರೆಯದೆ, ದಿನಾಂಕದ ಹೆಸರಿನ ಬೇರೆ ಫೋಲ್ಡರಿಗೆ ತೆಗೆಯಬೇಕು. ಇಂದು ಕೆಟ್ಟಿರುವ ಲೆಕ್ಕ ನಿನ್ನೆಯ ಒಳ್ಳೆಯ ಪ್ರತಿಯನ್ನು ನುಂಗಬಾರದಲ್ಲವೇ?

ರಾತ್ರಿ ಹತ್ತಕ್ಕೆ ಬ್ಯಾಕಪ್ ಎಂದು ಟಾಸ್ಕ್ ಶೆಡ್ಯೂಲರಿನಲ್ಲಿ ನಿಗದಿಪಡಿಸಿ, ಎಂಟೂವರೆಗೆ ಗಣಕಯಂತ್ರವನ್ನು ಆರಿಸಿ ಬಾಗಿಲೆಳೆದು ಹೋಗುವ ಅಂಗಡಿಗಳಿವೆ. ತಪ್ಪಿಹೋದ ಕೆಲಸವನ್ನು ಸಾಧ್ಯವಾದ ಕೂಡಲೇ ನಡೆಸಬೇಕೆಂಬ ಆಯ್ಕೆ ಅಲ್ಲಿಯೇ ಇದೆ. ಅದಕ್ಕೆ ಗುರುತು ಹಾಕದ ಹೊರತು ಮರುದಿನ ಬೆಳಿಗ್ಗೆಯೂ ಅದು ನಡೆಯುವುದಿಲ್ಲ. ಮತ್ತೊಂದು ಆಯ್ಕೆಗೆ ಗುರುತು ಮೊದಲೇ ಬಿದ್ದಿರುತ್ತದೆ: ನೇರ ವಿದ್ಯುತ್ತಿದ್ದಾಗ ಮಾತ್ರ ಆರಂಭಿಸು, ಬ್ಯಾಟರಿಯಲ್ಲಿರುವಾಗ ಬೇಡ ಎಂಬುದು. ಲ್ಯಾಪ್‌ಟಾಪಿಗೆ ಇದು ಅನ್ವಯಿಸುವುದು ಎಲ್ಲರಿಗೂ ತಿಳಿದಿದೆ. ಯು.ಪಿ.ಎಸ್. ಅನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿದ್ದರೆ ಮೇಜಿನ ಗಣಕಯಂತ್ರವೂ ಅದನ್ನು ಬ್ಯಾಟರಿಯೆಂದೇ ಪರಿಗಣಿಸಿ, ವಿದ್ಯುತ್ ಇಲ್ಲದ ಸಂಜೆ ಬ್ಯಾಕಪ್ ಬಿಟ್ಟುಬಿಡುತ್ತದೆ. ವಿಂಡೋಸಿನ ಪಾಸ್‌ವರ್ಡ್ ಬದಲಿಸಿದಾಗ ಇದೇ ಶೆಡ್ಯೂಲರಿನಲ್ಲಿಯೂ ಅದನ್ನು ಬದಲಿಸಬೇಕು. ಮೇಲೆ ಹೇಳಿದ 052ಇ ಸಂಕೇತ ಬಹುಮಟ್ಟಿಗೆ ಈ ಕಾರಣದಿಂದಲೇ ಬರುವಂಥದು.

ರಕ್ಷಕನೇ ತಡೆದಾಗ

ವಿಂಡೋಸ್ 10ರ 2017ರ ಒಂದು ಆವೃತ್ತಿಯಿಂದೀಚೆಗೆ, ಅಪರಿಚಿತ ಪ್ರೋಗ್ರಾಮುಗಳು ನಿರ್ದಿಷ್ಟ ಫೋಲ್ಡರುಗಳಲ್ಲಿ ಬರೆಯದಂತೆ ತಡೆಯುವ ‘ನಿಯಂತ್ರಿತ ಫೋಲ್ಡರ್ ಪ್ರವೇಶ’ದ ಸೌಲಭ್ಯವಿದೆ. ಅದನ್ನು ಯಾರಾದರೂ ಚಾಲೂ ಮಾಡಿದ್ದು, ಬ್ಯಾಕಪ್ ಫೋಲ್ಡರನ್ನೂ ಅದರ ರಕ್ಷಣೆಗೆ ಸೇರಿಸಿದ್ದರೆ ಬ್ಯಾಕಪ್ ತಂತ್ರಾಂಶಕ್ಕೂ ತಡೆ ಬೀಳಬಹುದು. ಬ್ಯಾಕಪ್ ಪ್ರೋಗ್ರಾಮನ್ನು ಅನುಮತಿಯ ಪಟ್ಟಿಗೆ ಸೇರಿಸಬೇಕೇ ಹೊರತು, ರಕ್ಷಣೆಯನ್ನೇ ತೆಗೆದುಹಾಕುವುದು ಸಲ್ಲದು. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಾದರೆ ಬೀಗ ತೆರೆಯದೆ ಏನನ್ನೂ ಬರೆಯಲಾಗದು. ಅದರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡಬೇಕು. ಅದೇ ಗಣಕಯಂತ್ರದಲ್ಲಿ ಇಡುವುದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಡಿಸ್ಕೇ ಸಾಯುತ್ತಿರುವಾಗ

ಬೇರೆ ತಂತಿ, ಬೇರೆ ಕಿಂಡಿ, ಬೇರೆ ಗಣಕಯಂತ್ರ ಇವು ಮೂರನ್ನೂ ಪರೀಕ್ಷಿಸಿದ ಮೇಲೂ ಪ್ರತಿ ಒಂದೇ ಸ್ಥಳದಲ್ಲಿ ತಡವರಿಸಿ ನಿಲ್ಲುತ್ತಿದ್ದರೆ ಡಿಸ್ಕನ್ನೇ ಶಂಕಿಸಬೇಕು. ಲಟ್ ಲಟ್ ಎಂಬ ಲಯಬದ್ಧ ಸದ್ದು ಕೇಳಿಬಂದರೆ ಸಂಶಯಕ್ಕೆ ಎಡೆಯಿಲ್ಲ. ಸದ್ದಿಲ್ಲದಿದ್ದರೂ ವಿಂಡೋಸಿನ ಇವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ‘ಡಿಸ್ಕ್’ ಮೂಲದ 7ನೇ ಸಂಖ್ಯೆಯ ನಮೂದುಗಳಿದ್ದರೆ ಡಿಸ್ಕಿನಲ್ಲಿ ಕೆಟ್ಟ ಭಾಗಗಳಿವೆಯೆಂದು ಅರ್ಥ. 153 ಎಂಬುದು ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತೆಂಬುದರ ಗುರುತು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಅದರಲ್ಲಿ ಬದಲಿ ನೀಡಲಾದ ಭಾಗಗಳ ಸಂಖ್ಯೆ ಮತ್ತು ತೀರ್ಮಾನ ಬಾಕಿಯಿರುವ ಭಾಗಗಳ ಸಂಖ್ಯೆ ಸೊನ್ನೆಯಲ್ಲದೆ, ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಸೇವೆಯನ್ನು ಅಲ್ಲಿಗೇ ಮುಗಿಸಬೇಕು.

ಇಲ್ಲಿ ಅನೇಕ ದುರಸ್ತಿಗಾರರು ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಚೆಕ್‌ಡಿಸ್ಕ್ ಎಂಬ ಸರಿಪಡಿಸುವ ಆಜ್ಞೆಯನ್ನು ಮೊದಲು ಓಡಿಸಿ, ಆಮೇಲೆ ದತ್ತಾಂಶ ತೆಗೆಯಲು ನೋಡುತ್ತಾರೆ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಗಂಟೆಗಟ್ಟಲೆ ಓದಿಸುವ ಕೆಲಸವಿದು. ಉಳಿದಿರುವ ಉಸಿರು ಅದರಲ್ಲಿಯೇ ಮುಗಿದುಹೋಗಬಹುದು. ಅದು ಕಡತಗಳ ಪಟ್ಟಿಯನ್ನೂ ತಿದ್ದುತ್ತದೆ. ಮೊದಲು ಮುಖ್ಯ ಕಡತಗಳನ್ನು ಬೇರೆಡೆಗೆ ಎತ್ತಿಕೊಂಡು, ಅನಂತರವೇ ಚಿಕಿತ್ಸೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಮ್ಮೆ ಕೆಟ್ಟ ಭಾಗ ತೋರಿಸಿದ ಬ್ಯಾಕಪ್ ಡಿಸ್ಕಿಗೆ ಚಿಕಿತ್ಸೆಯೇ ಅನಗತ್ಯ. ಕೆಲವು ಸಾವಿರ ರೂಪಾಯಿಯ ಸಾಮಗ್ರಿಗಾಗಿ ಆರು ವರ್ಷದ ಲೆಕ್ಕವನ್ನು ಪಣಕ್ಕಿಡುವುದು ವ್ಯಾಪಾರವಲ್ಲ.

ಯಶಸ್ವಿಯೆಂದು ಹೇಳುವ ವೈಫಲ್ಯ

ಮೂರನೆಯ ಬಗೆಗೆ ಬರೋಣ. ಸಗಟು ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ವಿಂಡೋಸಿನೊಡನೆಯೇ ಬರುವ ರೋಬೊಕಾಪಿ ಎಂಬ ಆಜ್ಞೆಯ ಮೂಲಕ ಪ್ರತಿ ಸಂಜೆ ಬ್ಯಾಕಪ್ ಆಗುತ್ತಿತ್ತು. 2022ರಲ್ಲಿ ಹೊಸ ಗಣಕಯಂತ್ರ ಬಂತು. ಅದನ್ನು ಜೋಡಿಸಿದವರು ಹಳೆಯ ‘ಸಿ’ ಫೋಲ್ಡರನ್ನು ಇದ್ದಂತೆಯೇ ನಕಲು ಮಾಡಿದರು. ಜೊತೆಗೆ, ವೇಗವಾಗಿರಲೆಂದು ಚಾಲ್ತಿ ಲೆಕ್ಕವನ್ನು ‘ಡಿ’ ಭಾಗಕ್ಕೆ ಸ್ಥಳಾಂತರಿಸಿದರು. ಬ್ಯಾಕಪ್ ಆಜ್ಞೆಯನ್ನು ಮಾತ್ರ ಯಾರೂ ಬದಲಿಸಲಿಲ್ಲ. ಅಂದಿನಿಂದ ಪ್ರತಿ ಸಂಜೆಯೂ ಬ್ಯಾಕಪ್ ‘ಸಿ’ಯಲ್ಲಿನ ನಿರ್ಜೀವ ಫೋಲ್ಡರನ್ನು ಬಾಹ್ಯ ಡಿಸ್ಕಿನ ಪ್ರತಿಯೊಡನೆ ಹೋಲಿಸಿ, ವ್ಯತ್ಯಾಸವಿಲ್ಲವೆಂದು ಕಂಡು, ಏನನ್ನೂ ನಕಲು ಮಾಡದೆ, ದೋಷವಿಲ್ಲವೆಂದು ವರದಿ ಮಾಡುತ್ತಿತ್ತು. ಶೆಡ್ಯೂಲರಿನಲ್ಲಿ ಫಲಿತಾಂಶ ಪ್ರತಿದಿನವೂ ಸೊನ್ನೆ. ಸೊನ್ನೆಯೆಂದರೆ ಸರಿ ಎಂದು ಎಲ್ಲರೂ ಓದಿಕೊಂಡಿದ್ದಾರೆ.

ರೋಬೊಕಾಪಿಯ ಮಟ್ಟಿಗೆ ಆ ಓದು ತಪ್ಪು. ಅದರ ಭಾಷೆಯಲ್ಲಿ ಸೊನ್ನೆಯೆಂದರೆ ದೋಷವಿಲ್ಲ, ಆದರೆ ನಕಲು ಮಾಡುವಂತಹುದೂ ಏನೂ ಇರಲಿಲ್ಲ ಎಂದು. ಕಡತಗಳು ನಕಲಾದಾಗ ಬರುವ ಅಂಕಿ 1. ಎಂಟು ಮತ್ತು ಅದಕ್ಕೆ ಮೇಲ್ಪಟ್ಟ ಅಂಕಿಗಳು ಮಾತ್ರ ವೈಫಲ್ಯದ ಗುರುತು. ಇಡೀ ದಿನ ಬಿಲ್ ಬರೆದ ಅಂಗಡಿಯಲ್ಲಿ ಸಂಜೆ ಸೊನ್ನೆ ಬಂದರೆ ಅದು ಸಮಾಧಾನದ ಸುದ್ದಿಯಲ್ಲ. ಇದೇ ಆಜ್ಞೆಯ ಇನ್ನೊಂದು ಸ್ವಭಾವವನ್ನೂ ಹೇಳಿಬಿಡುವುದು ಲೇಸು: ಓದಲಾಗದ ಕಡತ ಎದುರಾದರೆ ಅದು ಪೂರ್ವನಿಗದಿಯಂತೆ 30 ಸೆಕೆಂಡುಗಳಿಗೊಮ್ಮೆ ಹತ್ತು ಲಕ್ಷ ಬಾರಿ ಮರಳಿ ಯತ್ನಿಸುತ್ತದೆ. ಬ್ಯಾಕಪ್ ‘ಸಿಕ್ಕಿಹಾಕಿಕೊಂಡಿದೆ’ ಎನ್ನುವ ದೂರುಗಳಲ್ಲಿ ಕೆಲವಕ್ಕೆ ಇದೇ ಮೂಲ. ಪ್ರಯತ್ನಗಳನ್ನು ಎರಡಕ್ಕೂ ಕಾಯುವುದನ್ನು ಐದು ಸೆಕೆಂಡಿಗೂ ಇಳಿಸಬೇಕು. ಪ್ರತಿಬಿಂಬದ ಆಯ್ಕೆಯನ್ನು ಬಳಸುವಾಗಲಂತೂ ಹೆಚ್ಚಿನ ಎಚ್ಚರ ಅಗತ್ಯ. ಮೂಲದಲ್ಲಿ ಅಳಿಸಿದ್ದನ್ನು ಅದು ಬ್ಯಾಕಪ್ಪಿನಲ್ಲಿಯೂ ಅಳಿಸುತ್ತದೆ.

ಆ ವ್ಯಾಪಾರಿಯ ಗಣಕಯಂತ್ರದ ಒಳಗಿನ ಎಸ್.ಎಸ್.ಡಿ. ಎರಡು ವರ್ಷಗಳ ನಂತರ ಒಂದು ಬೆಳಿಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಯಿತು. ಬಾಹ್ಯ ಡಿಸ್ಕನ್ನು ತೆರೆದಾಗ ಸಿಕ್ಕಿದ್ದು ಹೊಸ ಗಣಕಯಂತ್ರ ಬಂದ ದಿನದ ಲೆಕ್ಕ. ಅದೇ ತಿಂಗಳು ಹೂಡುವಳಿ ತೆರಿಗೆಯ ವ್ಯತ್ಯಾಸದ ಬಗ್ಗೆ ಇಲಾಖೆಯ ನೋಟೀಸು ಬಂದಿತ್ತು. 30 ದಿನಗಳೊಳಗೆ ಉತ್ತರ ಕೊಡಬೇಕಿತ್ತು. ಮಾರಾಟದ ವಿವರಗಳನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಸಲ್ಲಿಸಿದ್ದ ರಿಟರ್ನ್‌ಗಳಿಂದ ಇಳಿಸಿಕೊಳ್ಳಲಾಯಿತು. ಖರೀದಿಯ ವಿವರ 2ಬಿ ಪಟ್ಟಿಯಿಂದಲೂ ಜಮಾ-ಖರ್ಚು ಬ್ಯಾಂಕಿನ ಪಟ್ಟಿಗಳಿಂದಲೂ ದೊರೆತವು. ನೋಟೀಸಿಗೆ ಉತ್ತರವೇನೋ ಹೋಯಿತು. ಆದರೆ ನಗದು ಶಿಲ್ಕು, ದಾಸ್ತಾನಿನ ವಿವರ, ಚಿಲ್ಲರೆ ಗಿರಾಕಿಗಳಿಂದ ಬರಬೇಕಾದ ಬಾಕಿ, ಯಾವ ಬಿಲ್ಲಿಗೆ ಯಾವ ಜಮಾ ಎಂಬ ಹೊಂದಾಣಿಕೆ ಇವು ಯಾವ ಜಾಲತಾಣದಲ್ಲಿಯೂ ಇರುವುದಿಲ್ಲ. ಬಾಕಿದಾರರಲ್ಲಿ ಪ್ರಾಮಾಣಿಕರು ತಾವಾಗಿಯೇ ಬಂದು ಲೆಕ್ಕ ಒಪ್ಪಿಸಿದರು. ಉಳಿದವರ ವಿಷಯವನ್ನು ವರ್ತಕರಿಗೆ ನಾನು ವಿವರಿಸಬೇಕಾಗಿಲ್ಲ.

ಪರೀಕ್ಷೆ ಒಂದೇ: ಮರಳಿ ಪಡೆಯುವುದು

ಬ್ಯಾಕಪ್ ಸರಿಯಿದೆಯೇ ಎಂಬುದಕ್ಕೆ ಹಸಿರು ಗುರುತೂ ಸಾಕ್ಷಿಯಲ್ಲ, ಡಿಸ್ಕಿನ ಮಿನುಗುವ ದೀಪವೂ ಸಾಕ್ಷಿಯಲ್ಲ. ತಿಂಗಳಿಗೊಮ್ಮೆ, ಜಿ.ಎಸ್.ಟಿ. ರಿಟರ್ನ್ ಸಲ್ಲಿಸಿ ಕೈ ಬಿಡುವಾದ ದಿನ, ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಹೊಸದಾಗಿ ಮಾಡಿದ ಖಾಲಿ ಫೋಲ್ಡರಿಗೆ ಲೆಕ್ಕವನ್ನು ಮರಳಿ ಪಡೆಯಬೇಕು. ಚಾಲ್ತಿ ಲೆಕ್ಕವಿರುವ ಫೋಲ್ಡರಿಗೇ ಮರಳಿ ಪಡೆದರೆ ಇಂದಿನ ಲೆಕ್ಕದ ಮೇಲೆ ಹಳೆಯದು ಕುಳಿತುಬಿಡುತ್ತದೆಯಾದ್ದರಿಂದ, ಈ ಪರೀಕ್ಷೆಯನ್ನು ಎಂದಿಗೂ ಅಲ್ಲಿ ಮಾಡಬಾರದು. ಮರಳಿ ಪಡೆದ ಲೆಕ್ಕವನ್ನು ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ, ನಗದು ಶಿಲ್ಕು, ತಾಳೆಪಟ್ಟಿಯ ಮೊತ್ತ ಈ ಮೂರನ್ನು ಬ್ಯಾಕಪ್ ತೆಗೆದ ಸಂಜೆ ಬರೆದಿಟ್ಟುಕೊಂಡ ಅಂಕಿಗಳೊಂದಿಗೆ ತಾಳೆ ನೋಡಬೇಕು. ಮೂರೂ ಸರಿಹೊಂದಿದರೆ ಬ್ಯಾಕಪ್ ಇದೆ. ಒಂದು ಹೊಂದದಿದ್ದರೂ ಇಲ್ಲ. ಇಡೀ ಕೆಲಸಕ್ಕೆ ಅರ್ಧ ಗಂಟೆ ಸಾಕು.

ಆ ಅಂಕಿಗಳನ್ನು ಬರೆದಿಡಲು ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕ ಬೇಕು. ದಿನಾಂಕ, ಯಾವ ಡಿಸ್ಕು, ಕೊನೆಯ ಬಿಲ್ಲಿನ ಸಂಖ್ಯೆ, ಶಿಲ್ಕು, ಬ್ಯಾಕಪ್ ಕಡತದ ಗಾತ್ರ, ತೆಗೆದವರ ರುಜು. ಗಾತ್ರದ ಅಂಕಣ ವಿಶೇಷ ಉಪಯುಕ್ತ. ದಿನವೂ ತುಸು ತುಸು ಏರಬೇಕಾದ ಗಾತ್ರ ವಾರಗಟ್ಟಲೆ ಒಂದೇ ಇದ್ದರೆ, ಅಥವಾ ಒಮ್ಮೆಲೇ ಅರ್ಧಕ್ಕಿಳಿದರೆ, ತಂತ್ರಾಂಶಕ್ಕಿಂತ ಮೊದಲು ಗುಮಾಸ್ತನ ಕಣ್ಣಿಗೆ ಅದು ಬೀಳುತ್ತದೆ. ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ ಈ ಒಂದು ಅಂಕಣವಿದ್ದಿದ್ದರೆ ಮೊದಲ ವಾರದಲ್ಲಿಯೇ ವಿಷಯ ಹೊರಬೀಳುತ್ತಿತ್ತು.

ಡಿಸ್ಕುಗಳು ಕನಿಷ್ಠ ಎರಡಿರಬೇಕು, ಒಂದನ್ನು ಅಂಗಡಿಯಲ್ಲಿಯೂ ಮತ್ತೊಂದನ್ನು ಮನೆಯಲ್ಲಿಯೂ ಇರಿಸಿ ವಾರಕ್ಕೊಮ್ಮೆ ಅದಲು ಬದಲು ಮಾಡಬೇಕು. ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ಕ್ರಮವಾಗಿ ಬೇರ್ಪಡಿಸಿ ತೆಗೆದಿಡಬೇಕು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದಾಗ ಕಂಡಂತೆ, ಇಂತಹವು ಗಣಕಯಂತ್ರಕ್ಕೆ ಜೋಡಿಸಿಯೇ ಇದ್ದ ಬಾಹ್ಯ ಡಿಸ್ಕುಗಳ ಕಡತಗಳನ್ನೂ ಬಿಡದೆ ಬೀಗ ಜಡಿಯುತ್ತವೆ. ಸದಾ ಚುಚ್ಚಿಕೊಂಡಿರುವ ಡಿಸ್ಕು ಒಳಗಿನ ಡಿಸ್ಕಿನ ಸ್ಥಿತಿಯನ್ನೇ ಹೊಂದುತ್ತದೆ. ಕ್ಲೌಡಿನಲ್ಲಿ ತಾನಾಗಿ ಸಮನ್ವಯವಾಗುವ ಫೋಲ್ಡರೊಂದಿದ್ದರೆ ಸಾಕೆನ್ನುವವರಿಗೂ ಇದೇ ಉತ್ತರ: ಇಲ್ಲಿ ಕೆಟ್ಟದ್ದು ಅಲ್ಲಿಗೂ ಹೋಗುತ್ತದೆ, ಹಳೆಯ ಆವೃತ್ತಿಗಳನ್ನು ಉಳಿಸುವ ಏರ್ಪಾಡಿದೆಯೇ, ಎಷ್ಟು ದಿನದವರೆಗೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಮಾರ್ಚ್ 31ರ ಲೆಕ್ಕ ಮುಕ್ತಾಯವಾಗಿ ಪರಿಶೋಧನೆ ಮುಗಿದ ಮೇಲೆ ಆ ವರ್ಷದ್ದನ್ನು ಪ್ರತ್ಯೇಕ ಪ್ರತಿ ಮಾಡಿ, ಮೇಲೆ ವರ್ಷವನ್ನೂ, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಬರೆದದ್ದೆಂಬುದನ್ನೂ ಬರೆದ ಚೀಟಿ ಅಂಟಿಸಿಡಬೇಕು. ಅದೇ ಡಿಸ್ಕಿನಲ್ಲಿ ಆ ಆವೃತ್ತಿಯ ಸ್ಥಾಪನಾ ಕಡತವನ್ನೂ ಸೇರಿಸಿಡುವುದು ಅವಶ್ಯ. ಹಳೆಯ ಟ್ಯಾಲಿ 7.2ರ ಲೆಕ್ಕವನ್ನು ಇಂದಿಗೂ ಕಾಪಾಡಿಕೊಂಡಿರುವವರು ನಮ್ಮಲ್ಲಿದ್ದಾರೆ. ಅದನ್ನು ಈಗಿನ ಆವೃತ್ತಿ ನೇರವಾಗಿ ತೆರೆಯದು, ಮೊದಲು ಪರಿವರ್ತಿಸಬೇಕಾಗುತ್ತದೆ. ಪರಿವರ್ತಿಸಿದ ನಂತರವೂ ಮೂಲ ಪ್ರತಿಯನ್ನು ಅಳಿಸದೆ ಹಾಗೆಯೇ ಇಟ್ಟಿರತಕ್ಕದ್ದು.